ಕಾಗೆಯಂಥ ಗಿಳಿ

ಒಂದು ಕಡೆ ಕೂತು ನನಗೆ ಗೊತ್ತೇ ಇರಲಿಲ್ಲ. ಚಿತ್ತಾಪುರದ ನಮ್ಮ ಮನೆಯಲ್ಲಿ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮಾಳಿಗೆಗೆ ದಿನವಿಡೀ ತಿರುಗುತ್ತಿದ್ದೆ. ಸ್ಟೇಷನ್ನಿನಲ್ಲಿ ಗಾಡಿ ಸಿಳ್ಳು ಹಾಕಿದರೆ ಸಾಕು, ಅದು ವಾಡಿ ಕಡೆಗೋ ಸೇಡಂ ಕಡೆಗೋ ಎಂದು ಮಾಳಿಗೆ ಹತ್ತಿ ನೋಡಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಬೈದು ಬೈದು ಸಾಕಾಗಿ, ಅವ್ವ ಕೊನೆಗೆ ಸೂಜಿದಾರ ಕೈಗೆ ಕೊಟ್ಟಳು. ಇನ್ನಾದರೂ ಕಾಲು ನಿಂತಾವು ಎಂಬುದು ಅವಳ ಆಸೆ. ಕಾಲು ನಿಂತವು ನಿಜ, ಆದರೆ ಆ ಚಡಪಡಿಕೆಯೆಲ್ಲ ಬೆರಳಿಗೆ ಬಂತು.

ನಾನು ಹೊಲಿಯುತ್ತಿದ್ದದ್ದು ಬಟ್ಟೆಯ ಗಿಳಿ. ತೊಟ್ಟಿಲ ಮೇಲೆ ಕಟ್ಟುತ್ತಾರಲ್ಲ, ಮಗು ಕೈಯೆತ್ತಿ ಆಡಲೆಂದು, ಆ ಗಿಳಿ. ಹಸಿರು ಖಣದ ತುಂಡುಗಳನ್ನು ಓಣಿಯಲ್ಲಿ ಬಟ್ಟೆ ಹೊಲಿಯುವ ಸಿಂಪಿಗರು ಕೊಡುತ್ತಿದ್ದರು. ಹೊಟ್ಟೆಗೆ ಹತ್ತಿ, ಕಣ್ಣಿಗೆ ಗುಲಗಂಜಿ. ರೆಕ್ಕೆ ನೆಟ್ಟಗೆ ನಿಲ್ಲಬೇಕೆಂದರೆ ಒಳಗೆ ದಪ್ಪ ಕಾಗದ ಇಡಬೇಕು. ಅಪ್ಪ ತಹಸೀಲು ಕಚೇರಿಯಲ್ಲಿ ಗುಮಾಸ್ತರು. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಅಲ್ಲಿಯ ಎಷ್ಟೋ ಹಳೆಯ ಉರ್ದು ಕಾಗದಗಳು ಬೇಡವಾಗಿ, ರದ್ದಿಯಾಗಿ ಮನೆಗೆ ಬರುತ್ತಿದ್ದವು. ಅವನ್ನು ಜೋಳದ ಹಿಟ್ಟು ಕುದಿಸಿದ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಒಣಗಿಸಿ, ರೆಕ್ಕೆಯ ಆಕಾರಕ್ಕೆ ಕತ್ತರಿಸುತ್ತಿದ್ದೆ. ಅಂಟು ಆರುವ ತನಕ ಕಾಯಲಾರದೆ ಎಷ್ಟೋ ರೆಕ್ಕೆಗಳನ್ನು ಹಸಿಯಲ್ಲೇ ಹರಿದುಹಾಕಿದ್ದೇನೆ. ಬಾಲಕ್ಕೆ ಗಾಳಿಪಟದ ಬಣ್ಣದ ಕಾಗದ.

ಇಷ್ಟು ಅವಸರದವಳಾದರೂ ಒಂದು ವಿಷಯದಲ್ಲಿ ನಾನು ಭಾರಿ ಹಟಮಾರಿ. ಹೊಲಿಗೆ ಮುಗಿದ ಮೇಲೆ ದಾರದ ಗಂಟು ಹೊರಗೆ ಕಾಣಬಾರದು. ಗಂಟು ಹಾಕಿ, ಸೂಜಿಯನ್ನು ಗಿಳಿಯ ಹೊಟ್ಟೆಯೊಳಗೆ ಚುಚ್ಚಿ ಆಚೆ ತೆಗೆದು, ದಾರವನ್ನು ಒಮ್ಮೆ ಜಗ್ಗಿದರೆ ಗಂಟು ಟಪ್ಪೆಂದು ಒಳಗೆ ಸೇರಿಕೊಳ್ಳುತ್ತದೆ. ಆ ಸದ್ದು ಕೇಳಿದ ಮೇಲೇ ನನಗೆ ಸಮಾಧಾನ.

ಹಾಗೆ ಮಾಡಿದ ಗಿಳಿಗಳಲ್ಲಿ ಚೆಂದದವನ್ನು ಆರಿಸಿ, ನಡುನಡುವೆ ಕಾಗದದ ಹೂ ಕಟ್ಟಿ ಒಂದು ಸರ ಮಾಡಿದ್ದೆ. ಮುಂದೆ ನನ್ನ ಮಕ್ಕಳ ತೊಟ್ಟಿಲಿಗೆ ಆಗಲಿ ಎಂದು ಅವ್ವ ಅದನ್ನು ಪೆಟ್ಟಿಗೆಯಲ್ಲಿ ಇಟ್ಟಳು. ಅದು ಪೆಟ್ಟಿಗೆಯಲ್ಲಿ ಇದ್ದದ್ದು ಕಡಿಮೆ. ಆಗ ಹೆಣ್ಣು ನೋಡಲು ಬಂದವರು ಹುಡುಗಿಯ ಕೈಕೆಲಸ ತೋರಿಸಿ ಎನ್ನುತ್ತಿದ್ದರು. ಪಕ್ಕದ ಮನೆಯ ಹುಡುಗಿಗೆ ಸೂಜಿ ಹಿಡಿಯಲು ಬರದು. ಒಂದು ದಿನದ ಮಟ್ಟಿಗೆ ಕೊಡಿ ಎಂದು ಅವರ ತಾಯಿ ಸರ ಒಯ್ದರು. ಸಂಬಂಧ ಕುದುರಿತು. ಗಿಳಿ ಸರದ ಗುಣ ಒಳ್ಳೆಯದು ಎಂದು ಸುದ್ದಿಯಾಗಿಬಿಟ್ಟಿತು. ಆಮೇಲೆ ವಾಡಿಗೆ ಹೋಯಿತು, ಚಿಂಚೋಳಿಯ ಕಡೆಗೂ ಹೋಗಿಬಂತು. ಮಾಡಿದ ನಾನು ಮಾಳಿಗೆಯ ಮೇಲೆ ನಿಂತು ಗಾಡಿ ನೋಡಬೇಕು, ನನ್ನ ಗಿಳಿಗಳು ಗಾಡಿಯಲ್ಲಿ ಕೂತು ಊರೂರು ತಿರುಗಬೇಕು. ನನಗೆ ಹೊಟ್ಟೆ ಉರಿಯುತ್ತಿತ್ತು. ಕೊಡಬೇಡ ಎಂದರೆ ಅವ್ವ, ಕೇಳಿದವರಿಗೆ ಇಲ್ಲ ಅನ್ನೋದು ಹೇಗೆ ಎಂದು ನನಗೇ ಕೇಳುವಳು. ಸರ ಒಂದು ಕೊಕ್ಕು ಕಳೆದುಕೊಂಡೋ, ರೆಕ್ಕೆ ಮುರಿದುಕೊಂಡೋ ಮರಳುತ್ತಿತ್ತು. ಬೈಯುತ್ತ ಬೈಯುತ್ತ ರಿಪೇರಿ ಮಾಡುತ್ತಿದ್ದೆ.

ಹೀಗೆಯೇ ಅದು ಶಹಾಬಾದಿಗೂ ಹೋಯಿತು. ಅಲ್ಲಿ ಅವ್ವನ ತಂಗಿಯ ಮಗಳು, ನನಗೆ ಅಕ್ಕ. ರೊಟ್ಟಿ ಬಡಿದರೆ ಹುಣ್ಣಿಮೆ ಚಂದ್ರ, ಸೂಜಿ ಹಿಡಿದರೆ ಬೆರಳು ತುಂಬ ರಕ್ತ. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದ ಅವಳ ಅಪ್ಪ, ನನ್ನ ಚಿಗಪ್ಪನಿಗೆ ಅದೇ ಚಿಂತೆ. ಈ ಸಲ ನನ್ನ ಗಿಳಿ ಸರ ಬಾಗಿಲಿಗೆ ಕಟ್ಟಿದ್ದೇ ತಡ, ಸಂಬಂಧ ಗಟ್ಟಿಯಾಯಿತು. ಮದುವೆ ಬೇಸಿಗೆಗೆ ಎಂದು ಮಾತಾಯಿತು.

ಅಷ್ಟರಲ್ಲಿ ನನ್ನನ್ನು ನೋಡಲು ಸೇಡಮ್ಮಿನಿಂದ ಬಂದರು. ಹುಡುಗ ಶಾಲೆಯ ಮಾಸ್ತರು. ಜೊತೆಗೆ ಅವನ ಅಪ್ಪ, ಅವ್ವ. ಶಹಾಬಾದಿನಿಂದ ಮರಳಿದ್ದ ನನ್ನ ಸರವನ್ನು ಮೊದಲ ಸಲ ನನ್ನ ಮನೆಯ ಬಾಗಿಲಿಗೆ ಕಟ್ಟಿದ್ದೆವು. ಇವತ್ತಾದರೂ ಇದು ನಂದು ಎಂದು ಹೇಳಿಕೊಳ್ಳಬಹುದು ಎಂದು ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಒಳಗೆ ಬರುತ್ತಲೇ ಹುಡುಗನ ಅವ್ವ ಬಾಗಿಲಲ್ಲೇ ನಿಂತು, ಒಂದು ಗಿಳಿಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದರು.

“ಈ ಗಿಳಿ ನಾ ಶಹಾಬಾದದಾಗ ನೋಡೀನಲ್ಲ. ನಮ್ಮ ಅಣ್ಣನ ಮಗನಿಗೆ ಗೊತ್ತು ಮಾಡೀವಿ, ಆ ಹುಡುಗಿ ಹೊಲಿದದ್ದು ಅಂದಿದ್ರು.”

ಅಕ್ಕನನ್ನು ಒಪ್ಪಿದವರು ಇವರ ಬಳಗದವರೇ ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ನನ್ನದು ಎಂದರೆ ಅಕ್ಕ ಸುಳ್ಳುಗಾತಿಯಾಗುತ್ತಾಳೆ, ಮೂರನೆಯ ಸಂಬಂಧವೂ ಮುರಿಯುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮಾತಾಡಿಬಿಟ್ಟಳು.

“ಹೌದ್ರಿ, ಆಕೀನೇ ಹೊಲಿದದ್ದು. ನನ್ನ ತಂಗಿ ಮಗಳ್ರಿ. ನಮಗ ಪ್ರೀತಿಲೆ ಕೊಟ್ಟಾಳ.”

ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಮಾಡಿದ್ದು ಸರಿ ಎಂದು ತಿಳಿಯುತ್ತಿತ್ತು, ಆದರೂ ಮೈಯೆಲ್ಲ ಉರಿಯಿತು. ಚುರುಮುರಿ ಸೂಸಲ, ಚಹಾ ಎಲ್ಲ ಆಯಿತು. ಜಮಖಾನದ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಹಾಗಾದರೆ ನಿನಗೇನು ಬರುತ್ತದವ್ವಾ ಎಂದು ಹುಡುಗನ ಅವ್ವ ಕೇಳಿದರು. ಭಕ್ಕರಿ, ಸಾರು ಎಂದು ಅವ್ವ ಏನೋ ಹೇಳಹೊರಟಿದ್ದಳು. ನನ್ನ ಬಾಯಿ ಸುಮ್ಮನಿರಲಿಲ್ಲ. ನನಗೂ ಗಿಳಿ ಹೊಲಿಯಲು ಬರುತ್ತದೆ ಎಂದುಬಿಟ್ಟೆ.

“ಹಂಗಾದ್ರ ಒಂದು ಹೊಲಿದು ತೋರ್ಸವ್ವಾ. ಗಾಡಿ ಇನ್ನಾ ತಡ ಅದ,” ಎಂದರು ಆಕೆ.

ಅವ್ವ ನನ್ನನ್ನು ಕೆಕ್ಕರಿಸಿ ನೋಡಿದಳು. ಬಟ್ಟೆ, ಹತ್ತಿ, ಕತ್ತರಿ ತಂದು ಕೂತೆ. ಬಾಗಿಲಲ್ಲಿ ತೂಗುವ ಗಿಳಿಯಂಥದ್ದೇ ಇಲ್ಲೂ ಹುಟ್ಟಿದರೆ ಎಲ್ಲ ಬಯಲಾಗುತ್ತದೆ. ಕೆಟ್ಟದಾಗಿ ಹೊಲಿಯಬೇಕು. ಅದು ಎಷ್ಟು ಕಷ್ಟ ಎಂದು ಅವತ್ತೇ ತಿಳಿದದ್ದು. ಕತ್ತರಿ ತಾನಾಗಿಯೇ ಸರಿಯಾದ ಗೆರೆಗೆ ಹೋಗುತ್ತಿತ್ತು, ಎಳೆದು ಓರೆ ಮಾಡಿದೆ. ಹೊಲಿಗೆ ಒಂದು ದೊಡ್ಡದು, ಒಂದು ಸಣ್ಣದು ಹಾಕಿದೆ. ಓಡುವ ಬೆರಳನ್ನು ಹಿಡಿದು ನಿಲ್ಲಿಸಿ ನಿಲ್ಲಿಸಿ ಬೆವರು ಇಳಿಯಿತು. ಹತ್ತಿಯನ್ನು ಗಂಟು ಗಂಟಾಗಿ ತುರುಕಿದೆ, ಕೊಕ್ಕನ್ನು ಸೊಟ್ಟಗೆ ಕೂಡಿಸಿದೆ. ರೆಕ್ಕೆಗೆ ಕಾಗದ ಇಡಲೇ ಇಲ್ಲ, ಅದು ನೀರಲ್ಲಿ ನೆನೆದ ಹಕ್ಕಿಯ ಹಾಗೆ ಜೋತುಬಿತ್ತು. ಮುಗಿಸಿ, ದಾರ ಹರಿದು, ಮುಂದಿಟ್ಟೆ. ನನ್ನ ಕೈಯಿಂದ ಇಂಥದ್ದು ಹುಟ್ಟಿತಲ್ಲ ಎಂದು ಅಳು ಬಂತು. ಹುಡುಗನ ಅಪ್ಪ ನಕ್ಕು, ಇದು ಗಿಳಿಯೋ ಕಾಗೆಯೋ ಎಂದರು. ಹುಡುಗನೂ ಮೀಸೆಯಲ್ಲೇ ನಕ್ಕ. ಅವನ ಅವ್ವ ನಗಲಿಲ್ಲ. ಅದನ್ನು ಮೇಲೆ ಕೆಳಗೆ ಮಾಡಿ ನೋಡಿ, ತಮ್ಮ ಚೀಲದಲ್ಲಿ ಹಾಕಿಕೊಂಡರು. ತಿಳಿಸುತ್ತೇವೆ ಎಂದು ಹೇಳಿ ಗಾಡಿಗೆ ಹೊರಟರು.

ತಿಳಿಸಲಿಲ್ಲ. ಚಳಿ ಮುಗಿಯಿತು, ಬಿಸಿಲು ಏರಿತು, ಸೇಡಮ್ಮಿನಿಂದ ಸುದ್ದಿಯಿಲ್ಲ. ಬಾಯಿ ಹತೋಟಿಯಲ್ಲಿಲ್ಲದವಳನ್ನು ಯಾರು ಒಯ್ಯುತ್ತಾರೆ ಎಂದು ಅಪ್ಪ ಗೊಣಗಿದರು. ನನಗೆ ಅದಕ್ಕಿಂತ ದೊಡ್ಡ ಕಳವಳ ಬೇರೆಯಿತ್ತು. ಮದುವೆಗೆ ಮುಂಚೆ ಅಕ್ಕನಿಗೂ ಒಂದು ಗಿಳಿ ಹೊಲಿ ಎಂದುಬಿಟ್ಟರೆ? ಸೇಡಂ ಗಾಡಿ ಬಂದಾಗಲೆಲ್ಲ ಮಾಳಿಗೆ ಹತ್ತುತ್ತಿದ್ದೆ, ಏನು ಕಾಣಲೆಂದು ಗೊತ್ತಿಲ್ಲ. ಊಟ ಸೇರದು, ಕೂತಲ್ಲಿ ಕೂರಲಾಗದು. ಕೊನೆಗೆ ರಾಶಿ ಗಿಳಿ ಹೊಲಿದು, ಬಂದಿದ್ದ ಚಿಗಪ್ಪನ ಕೈಯಲ್ಲಿ ಕೊಟ್ಟು ಕಳಿಸಿದೆ. ಯಾರಾದರೂ ಕೇಳಿದರೆ ಅಕ್ಕ ಪೆಟ್ಟಿಗೆಯಿಂದ ತೆಗೆದು ಕೊಡಲಿ, ಎದುರಿಗೆ ಮಾತ್ರ ಕೂತು ಹೊಲಿಯದಿರಲಿ ಎಂದು ಹೇಳಿಸಿದೆ.

ಅಕ್ಕನ ಮದುವೆ ಸುಸೂತ್ರವಾಗಿ ನಡೆಯಿತು. ಅದಾದ ಮರುವಾರವೇ ಸೇಡಮ್ಮಿನಿಂದ ಜನ ಬಂದರು, ಹೆಣ್ಣು ಒಪ್ಪಿಗೆ ಎಂದರು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಆಗಲಿಲ್ಲ.

ಮೊದಲ ಬಾಣಂತನ ಮುಗಿಸಿ ಮಗಳನ್ನು ಕರೆದುಕೊಂಡು ಸೇಡಮ್ಮಿಗೆ ಹೋದಾಗ ಅತ್ತೆ ತೊಟ್ಟಿಲು ಕಟ್ಟಿಸಿದ್ದರು. ತವರಿನಿಂದ ತಂದ ನನ್ನ ಗಿಳಿ ಸರವನ್ನು ನಾನು ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಅತ್ತೆ ತಮ್ಮ ಪೆಟ್ಟಿಗೆಯಿಂದ ಆ ಕಾಗೆಯಂಥ ಗಿಳಿಯನ್ನು ತಂದು ತೊಟ್ಟಿಲಿನ ನಟ್ಟನಡುವೆ ಕಟ್ಟಿದರು. ನನಗೆ ನಾಚಿಕೆಯಾಯಿತು. ಕೊಡಿರಿ, ಬಿಚ್ಚಿ ಚೆನ್ನಾಗಿ ಹೊಲಿಯುತ್ತೇನೆ ಎಂದು ಕೈ ಚಾಚಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

“ಮೈಯೆಲ್ಲಾ ಕಾಗಿ ಮಾಡಿದಿ. ಗಂಟು ಮಾತ್ರ ಒಳಗ ಸೇರಿಸಿಟ್ಟಿ ನೋಡು. ಶಹಾಬಾದದಾಗಿನ ಗಿಳಿ ತಿರುವಿ ನೋಡಿದ್ದೆ. ಅದ್ರಾಗೂ ಗಂಟು ಕಾಣಿಸಿದ್ದಿಲ್ಲ.”

ಅಷ್ಟೆಲ್ಲ ಎಚ್ಚರ ವಹಿಸಿದ ಕೈ, ಕೊನೆಯ ಆ ಒಂದು ಗಳಿಗೆಯಲ್ಲಿ ತನ್ನ ರೂಢಿಯಂತೆ ನಡೆದುಕೊಂಡಿತ್ತು. ಅಂದರೆ ಅವತ್ತೇ, ನಮ್ಮ ಪಡಸಾಲೆಯಲ್ಲಿ ಕೂತಾಗಲೇ ಇವರಿಗೆ ಎಲ್ಲ ತಿಳಿದಿತ್ತು. ಅಕ್ಕನ ಸಂಬಂಧ ಕೆಡದಿರಲಿ ಎಂದು ಅವಳ ಮದುವೆ ಮುಗಿಯುವ ತನಕ ತುಟಿ ಪಿಟಕ್ಕೆನ್ನದೆ ಕಾದಿದ್ದರು. ನಾನು ಅಲ್ಲಿ ಮಾಳಿಗೆ ಹತ್ತಿ ಇಳಿದು ಸಾಯುತ್ತಿದ್ದೆ. ಅಕ್ಕನ ಗಂಡನ ಮನೆಯವರಿಗೆ ಗೊತ್ತೇನ್ರಿ ಎಂದು ಹೆದರುತ್ತ ಕೇಳಿದೆ.

“ಆಕಿ ಚಂದ ಬಾಳೇ ಮಾಡಾಕತ್ತಾಳ. ಅವರಿಗ್ಯಾಕ ಬೇಕು,” ಎಂದರು. ಆಮೇಲೆ ದಾರವನ್ನು ಇನ್ನೊಮ್ಮೆ ಬಿಗಿದು ಹೇಳಿದರು: “ಚಲೋ ಗಿಳಿ ಹೊಲಿಯೋರು ಭಾಳ ಮಂದಿ ಅದಾರ. ಅಕ್ಕನ ಸಲುವಾಗಿ ಹಿಂಗ ಕೆಡಿಸಿದಾಕಿ ನೀ ಒಬ್ಬಾಕೀನೇ. ಇದನ್ನ ಬಿಚ್ಚಬ್ಯಾಡ.”

ತೊಟ್ಟಿಲು ತೂಗಿದಾಗ ಮಗಳು ಚೆಂದದ ಗಿಳಿಗಳನ್ನೆಲ್ಲ ಬಿಟ್ಟು ಆ ಜೋತುಬಿದ್ದ ರೆಕ್ಕೆಯನ್ನೇ ಹಿಡಿದಳು. ಸರದ ಗಿಳಿಗಳು ಮಕ್ಕಳ ಕೈಯಲ್ಲಿ ಒಂದೊಂದಾಗಿ ಹರಿದುಹೋದವು. ಅದೊಂದು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ತೆಗೆದು ನೋಡಿದಾಗಲೆಲ್ಲ ಆ ಕೊಕ್ಕನ್ನು ನೆಟ್ಟಗೆ ಮಾಡಬೇಕೆಂದು ಕೈ ತುರಿಸುತ್ತದೆ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ಇನ್ನೂ ಬಿಚ್ಚಿಲ್ಲ.