ಒಪ್ಪುವ ಅಧಿಕಾರ ಬೇಡವೆಂದವರು

ಕಾಗದ ಓದುವಾಗ ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ತುದಿಗೆ ತಂದುಕೊಳ್ಳುತ್ತಿದ್ದರು. ಓದುತ್ತಿದ್ದಾರೋ ಮೂಸುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ. ಊದುಬತ್ತಿ ಮಾಡಿ ಮಾರುವ ನಾನೇ ಯಾವುದನ್ನೂ ಅಷ್ಟು ಶ್ರದ್ಧೆಯಿಂದ ಮೂಸಿದವನಲ್ಲ.

ಅವರು ನಮ್ಮ ಸಣ್ಣ ಕಂಪನಿಯ ಲೆಕ್ಕ ನೋಡುತ್ತಿದ್ದ ಮೇಡಂ. ಕೃಷ್ಣಮೂರ್ತಿಪುರಂನ ಮನೆಯ ಮುಂದಿನ ಕೋಣೆಯೇ ಆಫೀಸು. ಹೋದವರಿಗೆಲ್ಲ ಮೊದಲು ಮಜ್ಜಿಗೆ, ಆಮೇಲೆ ಬೈಗುಳ. ನನಗೆ ಎರಡೂ ಧಾರಾಳವಾಗಿ ಸಿಗುತ್ತಿದ್ದವು. ಬ್ಯಾಂಕಿನಿಂದ ಹಬ್ಬದ ಶುಭಾಶಯ ಬಂದರೂ ಏನೋ ಆಗಿಹೋಗಿದೆ ಎಂದು ಅವರಲ್ಲಿಗೆ ಓಡುವ ಆಸಾಮಿ ನಾನು. “ಹೆದರ್ಕೊಳ್ಳಿ, ಬೇಡ ಅನ್ನಲ್ಲ. ಪೂರ್ತಿ ಓದ್ಬುಟ್ಟು ಹೆದರ್ಕೊಳ್ಳಿ,” ಎನ್ನುತ್ತಿದ್ದರು.

ಒಮ್ಮೆ ನಿಜವಾಗಿಯೂ ಹೆದರುವಂಥದ್ದು ಬಂತು: ತೆರಿಗೆ ಕಚೇರಿಯ ನೋಟಿಸು. ಅದರಲ್ಲಿದ್ದ ಮೊತ್ತ ಕಟ್ಟಿದರೆ ಕಂಪನಿ ಮುಚ್ಚಬೇಕು. ವಿಚಾರಣೆಗೆ ಬನ್ನಿ ಎಂದಿತ್ತು. ಅಧಿಕಾರಿಯ ಎದುರು ನಿಲ್ಲುವುದು ನನ್ನಿಂದಾಗದ ಮಾತು. ಕೋರ್ಟಿನ ಎದುರು ಟೈಪ್ ಮಾಡುವವರ ಹತ್ತಿರ ಓಡಿ, ಮೇಡಂ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿ, ಸಹಿ ಹಾಕಿಯೇ ತಂದೆ. ಟೈಪಿಸ್ಟು ಸೈಟು ಮಾರುವವರ ನಮೂನೆಗೇ ನಮ್ಮ ಹೆಸರು ತುಂಬಿಸಿದ್ದ.

“ಏನ್ರೀ ಇದು? ಇದ್ರ ಪ್ರಕಾರ ನಿಮ್ಮ ಬ್ಯಾಂಕ್ ಖಾತೇನೂ ನಂದು, ಊದುಬತ್ತಿ ಶೆಡ್ಡೂ ನಂದು. ನಾಳೆ ಎಲ್ಲಾ ಮಾರ್ಬುಟ್ಟು ಕಾಶಿಗೆ ಹೋದ್ರೆ ಏನ್ಮಾಡ್ತೀರಿ?”

“ಹೋಗ್ಬನ್ನಿ ಮೇಡಂ. ಆ ಕಚೇರಿಗೆ ಮಾತ್ರ ನನ್ನ ಕಳಿಸ್ಬೇಡಿ.”

ಹರಿದು ಹಾಕಿದರು. ಹೊಸದು ತಾವೇ ಬರೆಸಿದರು: ರಿಟರ್ನ್ ಸಲ್ಲಿಸಬಹುದು, ನೋಟಿಸಿಗೆ ಉತ್ತರಿಸಬಹುದು, ವಿಚಾರಣೆಯಲ್ಲಿ ಮಾತಾಡಬಹುದು. ಹಣ ಮುಟ್ಟುವಂತಿಲ್ಲ, ಕಂಪನಿಯ ಪರವಾಗಿ ಏನನ್ನೂ ಒಪ್ಪುವಂತಿಲ್ಲ, ನಿರಾಕರಿಸುವಂತಿಲ್ಲ. ಉತ್ತರ ಸಿದ್ಧವಾದಾಗ ಅದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು.

ವಿಚಾರಣೆಯ ದಿನ ಅವರು ಒಳಗೆ. ನಾನು ಹೊರಗೆ, ಹೊಂಗೆ ಮರದ ಕೆಳಗೆ ಸ್ಕೂಟರ್ ಮೇಲೆ. ಸ್ವಲ್ಪ ಹೊತ್ತಿಗೆ ಬಂದರು.

“ನೋಟಿಸಲ್ಲಿರೋ ಲೆಕ್ಕ ಒಪ್ತೀರಾ ಅಂತ ಕೇಳ್ತಿದ್ದಾರೆ. ಬನ್ನಿ.”

“ನೀವೇ ಏನೋ ಒಂದು ಹೇಳ್ಬುಡಿ ಮೇಡಂ.”

“ಅದು ನಂಗೆ ಕೊಟ್ಟಿಲ್ಲ ಕಣ್ರೀ ನೀವು.”

“ನೀವೇ ತಾನೇ ಬೇಡ ಅಂದಿದ್ದು!”

“ಹ್ಞೂಂ. ಏಳಿ.”

ಅಧಿಕಾರಿ ಸೌಮ್ಯವಾಗಿಯೇ ಕೇಳಿದರು. ನನಗೆ ಅದು ಇನ್ನೂ ಭಯಂಕರ. ಮೇಡಂ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು. “ಒಪ್ಪಲ್ಲ ಸರ್. ಒಂದೇ ಮಾರಾಟ ಎರಡು ಸಲ ಸೇರಿದೆ,” ಎಂದೆ, ಮದುವೆ ಮನೆಯಲ್ಲಿ ಎರಡನೇ ಹೋಳಿಗೆ ಕೇಳುವವನ ದನಿಯಲ್ಲಿ. ಅಧಿಕಾರಿ ಬಿಲ್ಲುಗಳನ್ನು ಮತ್ತೆ ತಾಳೆ ನೋಡಿ ಮೊತ್ತ ಇಳಿಸಿದರು. ಕಂಪನಿ ಉಳಿಯಿತು. ಹೊರಬಂದು ನಾನು ವಾಂತಿ ಮಾಡಿಕೊಂಡೆ. ಮೇಡಂ ನೀರಿನ ಬಾಟಲಿ ಹಿಡಿದು ನಿಂತಿದ್ದರು.

ಹೋದ ವರ್ಷ ಅವರು ಆಸ್ಪತ್ರೆ ಸೇರಿದರು. ನೋಡಲು ಹೋದರೆ ದಿಂಬಿನಡಿಯಿಂದ ಕಾಗದ ತೆಗೆದರು. ಅವರಿಗೆ ಕೊಟ್ಟಿದ್ದ ಅಧಿಕಾರವನ್ನು ರದ್ದು ಮಾಡುವ ಪತ್ರ.

“ಸೈನ್ ಹಾಕಿ. ನಾನು ಹೋದ್ಮೇಲೆ ನನ್ನ ಹೆಸರು ಕಚೇರಿಗಳಲ್ಲಿ ಓಡಾಡ್ಬಾರ್ದು.”

“ಈಗ ಬೇಡ ಮೇಡಂ.” ಸಹಿ ಹಾಕಿದರೆ ನಾನೇ ಅವರನ್ನು ಕಳಿಸಿಕೊಟ್ಟಂತೆ ಅನ್ನಿಸಿತು.

“ನೀವು ಹೆದ್ರಿದ್ರೆ ನಾನು ಉಳ್ಕೊಳಲ್ಲ ಕಣ್ರೀ. ಹಾಕಿ.”

ಹಾಕಿದೆ. ಕಾರಣ ಬರೆಯುವ ಜಾಗ ಖಾಲಿಯಿತ್ತು. ಕಾಯಿಲೆ ಎಂದು ಬರೆಯಲು ಕೈ ಬರಲಿಲ್ಲ. ಅವರೇ ಹೇಳಿದರು: “ಬರ್ಕೊಳ್ಳಿ. ಇನ್ಮುಂದೆ ಮಾಲೀಕರೇ ಬರ್ತಾರೆ.”

ಆ ವಾರವೇ ತೀರಿಕೊಂಡರು. ಮೊನ್ನೆ ಇನ್ನೊಂದು ನೋಟಿಸು ಬಂದಿದೆ, ನಾಳೆ ವಿಚಾರಣೆ. ಈ ಸಲ ಪೂರ್ತಿ ಓದಿಯೇ ಹೆದರಿಕೊಂಡಿದ್ದೇನೆ. ಹೋಗುವುದೇನೋ ನಾನೇ.