ಬೆಲ್ಲಿಗೆ ಅಂಟಿದ ಮಾತು

2016ರ ಮಳೆಗಾಲದಲ್ಲಿ ನಾನು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆಯ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನರದೇನೂ ತಪ್ಪಿಲ್ಲ, ತಪ್ಪು ನನ್ನದು. ಮನೆ ಚಿಕ್ಕಬಳ್ಳಾಪುರದಲ್ಲಿತ್ತು, ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿತ್ತು. ಹಸು ನಡೆದು ಬರುವುದನ್ನು ನೋಡಿಯೇ ಕಾಯಿಲೆ ಹೇಳುತ್ತೇನೆ ಎಂಬ ಜಂಭವಿತ್ತು. ಅದರ ಜೊತೆಗೆ ನನಗೆ ಬಾಯಿ ಸ್ವಲ್ಪ ಮುಂದು. ನಮ್ಮಪ್ಪ ಮೇಷ್ಟರು, ಹುಡುಗರನ್ನು ನಗಿಸಿ ನಗಿಸಿ ಲೆಕ್ಕ ಹೇಳಿಕೊಡುತ್ತಿದ್ದರು. ನಾನು ಸಾಲಿನಲ್ಲಿ ನಿಂತವರನ್ನು ನಗಿಸಿ ದನಗಳಿಗೆ ಇಂಜೆಕ್ಷನ್ ಕೊಡುತ್ತಿದ್ದೆ. ಜನ ಅದನ್ನು ಇಷ್ಟಪಡುತ್ತಿದ್ದರು, ಹಾಗಾಗಿ ನನಗೂ ಅದು ಚಟವಾಗಿತ್ತು.

ಆ ಭಾಗದಲ್ಲಿ 'ಹುಳು' ಎಂದರೆ ರೇಷ್ಮೆ ಹುಳು, ಬೇರೆ ಯಾವುದೂ ಅಲ್ಲ. ಹುಳು ಸಾಕುವ ಶೆಡ್ಡಿಗೆ ಹುಳು ಮನೆ ಎನ್ನುತ್ತಾರೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಸುಮ್ಮನೆ ಮಲಗುವುದನ್ನು 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುವ ಕಾಲ. ಮಳೆಗಾಲದ ತಂಡಿಯಲ್ಲಿ ಅವರು ಹೆದರುವ ಒಂದು ರೋಗವಿದೆ, ಸುಣ್ಣಕಟ್ಟು. ಇದು ಹುಳುಗಳಿಗೆ ಬರುವ ಫಂಗಸ್. ಸತ್ತ ಹುಳು ಕಡ್ಡಿಯ ಹಾಗೆ ಸೆಟೆದು, ಮೈಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಒಂದು ತಟ್ಟೆಗೆ ಬಂದರೆ ಇಡೀ ಮನೆಗೆ ಹಬ್ಬಬಹುದು. ಹಾಗಾಗಿ ಹುಳು ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ, ಮನೆಯವರೂ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ ಹೋಗುವುದು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಆಡಿದ ಮಾತಾಗಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ.

ಪಿಳ್ಳಪ್ಪ ಎಂಬುವರು ಆ ಊರಿನ ಕೊನೆಯ ಜಟಕಾದವರು. ಅರವತ್ತು ದಾಟಿದ ವಯಸ್ಸು, ಹೆಂಡತಿ ತೀರಿಕೊಂಡಿದ್ದರು. ಆಟೋಗಳು ಬಂದು ಸವಾರಿ ನಿಂತ ಮೇಲೆ ಅವರು ಜಟಕಾದ ಗೂಡು ಕಿತ್ತು ಹಾಕಿ, ತೋಟಗಳಿಂದ ಹುಳು ಮನೆಗಳಿಗೆ ಹಿಪ್ಪುನೇರಳೆ ಸೊಪ್ಪು ಸಾಗಿಸುತ್ತಿದ್ದರು. ಗಾಡಿ ಎಳೆಯುತ್ತಿದ್ದದ್ದು ಒಂದು ಗಿಡ್ಡ ಹೆಣ್ಣು ಕುದುರೆ, ತಟ್ಟು. ಬೆಲ್ಲದ ಬಣ್ಣ, ಆದ್ದರಿಂದ ಹೆಸರು ಬೆಲ್ಲಿ. ಯಾವ ಮನೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಅದಕ್ಕೇ ತಿಳಿದಿತ್ತು.

ಜುಲೈ ತಿಂಗಳ ಒಂದು ಸೋಮವಾರ ಪಿಳ್ಳಪ್ಪ ಬೆಲ್ಲಿಯನ್ನು ಆಸ್ಪತ್ರೆಗೆ ಹಿಡಿದುಕೊಂಡು ಬಂದರು. ಅಂದು ಸಾಲಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ದನಗಳಿದ್ದವು. ಬೆಲ್ಲಿಯ ಕತ್ತಿನ ಮೇಲೆ, ಭುಜದ ಮೇಲೆ ಅಂಗೈಯಗಲ ಕೂದಲು ಉದುರಿ, ಬಿಳಿ ಹೊಟ್ಟು ಎದ್ದಿತ್ತು. ನಾನು ಮೆಟ್ಟಿಲ ಮೇಲೆಯೇ ನಿಂತು ನೋಡಿದೆ. ಕೆಳಗೆ ಇಳಿಯಲಿಲ್ಲ, ಕೈ ಇಟ್ಟು ನೋಡಲಿಲ್ಲ.

"ಏನ್ ಪಿಳ್ಳಪ್ಪನೋರೆ, ನಿಮ್ ಬೆಲ್ಲಿಗೂ ಸುಣ್ಣಕಟ್ಟು ಬಂತಾ?" ಎಂದೆ.

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪಿಳ್ಳಪ್ಪನವರೂ ನಕ್ಕರು. ರಿಜಿಸ್ಟರಿನಲ್ಲಿ 'ಫಂಗಸ್ ಇರಬಹುದು' ಎಂದು ಬರೆದು, ಫಂಗಸ್ಸಿಗೆ ಹಚ್ಚುವ ಒಂದು ಮುಲಾಮು ಕೊಟ್ಟು ಕಳಿಸಿದೆ. ಚರ್ಮದ ಕಾಯಿಲೆಗೆ ನಾವು ಕಲಿತ ಮೊದಲ ಪಾಠ, ಗಾಯದ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಆ ಪುಡಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು ಎನ್ನುವುದು. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಅದೂ ಬೇಡ, 'ಮೈ ಉಜ್ಜಿಕೊಳ್ಳುತ್ತಾ?' ಎಂದು ಒಂದು ಪ್ರಶ್ನೆಯನ್ನಾದರೂ ಕೇಳಬಹುದಿತ್ತು. ಅದನ್ನೂ ಕೇಳಲಿಲ್ಲ.

ಅದೇ ವಾರ ಲಕ್ಷ್ಮೀದೇವಮ್ಮ ಎಂಬುವರ ಹುಳು ಮನೆಯಲ್ಲಿ, ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ನಿಜವಾಗಿಯೂ ಸುಣ್ಣಕಟ್ಟು ಬಂತು. ವಾರವೆಲ್ಲ ಜಡಿಮಳೆ, ಆ ತಂಡಿಗೆ ಅದು ಬರುವುದು ಹೊಸದಲ್ಲ. ಆದರೆ ಅವರ ಮನೆಗೆ ಸೊಪ್ಪು ತಂದದ್ದು ಬೆಲ್ಲಿ. ಸೋಮವಾರ ನನ್ನ ಸಾಲಿನಲ್ಲಿ ನಿಂತು ನಕ್ಕವರೇ ಆ ಮಾತನ್ನು ನೆನಪು ಮಾಡಿಕೊಂಡರು.

ನಮ್ಮ ಆಸ್ಪತ್ರೆಯ ಜಾನುವಾರು ಇನ್‌ಸ್ಪೆಕ್ಟರ್ ನಂಜುಂಡಯ್ಯ ಬಂದು, "ಮೇಡಂ, ಪಿಳ್ಳಪ್ಪನ ಗಾಡೀಲಿ ಯಾರೂ ಸೊಪ್ಪು ಹಾಕ್ತಿಲ್ವಂತೆ. ಡಾಕ್ಟ್ರಮ್ಮನೇ ಹೇಳವ್ರೆ ಅಂತಾರೆ ಎಲ್ರೂ. ನೀವೊಂದ್ ಮಾತು ಹೇಳಿದ್ರೆ ಆಯ್ತದೆ," ಎಂದರು.

"ತಮಾಷೆಗೆ ಅಂದಿದ್ದು ಕಣ್ರೀ. ನಾಲ್ಕು ದಿನ ಹೋದ್ರೆ ತಾನೇ ಮರೀತಾರೆ ಬಿಡಿ," ಎಂದೆ.

ಆಡಿದ ಮಾತಿಗಿಂತ, ಅಂದು ಆಡದೆ ಬಿಟ್ಟ ಆ ಒಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ತಪ್ಪು ಒಪ್ಪಿಕೊಂಡರೆ ಡಾಕ್ಟರ್ ಎಂಬ ಮರ್ಯಾದೆ ಹೋಗುತ್ತದೆ ಎಂಬ ಅಳುಕೂ ಒಳಗಿತ್ತು. ಆಗ ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಚಿಂತಾಮಣಿ ಕಡೆಗೆ ಲಸಿಕೆ ಕೆಲಸಕ್ಕೆ ಹೊರಟಿದ್ದೆವು. ಊರಾಚೆಯ ನೀರಿನ ಕುಂಟೆಯ ಪಕ್ಕ ಹೊಂಗೆ ಮರದ ಕೆಳಗೆ ಏನೋ ನಿಂತಿತ್ತು. ಮೊದಲು ಕತ್ತೆ ಎಂದುಕೊಂಡೆ. ಜೀಪು ನಿಲ್ಲಿಸಿ ಹತ್ತಿರ ಹೋದೆ, ಬೆಲ್ಲಿ. ಬೆನ್ನಿನ ಮೇಲೆ ಒಂದು ಕೂದಲಿಲ್ಲ. ಚರ್ಮ ಮಡಿಕೆ ಮಡಿಕೆಯಾಗಿ ಬಿರಿದಿತ್ತು, ಅದರ ಮೇಲೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿದ ಕಪ್ಪು. ನನ್ನ ಮುಲಾಮು ಕೆಲಸ ಮಾಡದೆ ಪಿಳ್ಳಪ್ಪ ಕಂಡಕಂಡದ್ದನ್ನು ಹಚ್ಚಿದ್ದರು. ನಾವು ನೋಡುತ್ತಿದ್ದಂತೆಯೇ ಅದು ಮರಕ್ಕೆ ಮೈ ಉಜ್ಜತೊಡಗಿತು, ರಕ್ತ ಬಂದರೂ ನಿಲ್ಲಿಸಲಿಲ್ಲ.

ಪಿಳ್ಳಪ್ಪ ಹುಲ್ಲಿನ ಹೊರೆ ಹೊತ್ತು ಬಂದರು. ಊರೊಳಗೆ ಕಟ್ಟಬಾರದೆಂದು ಹಿರಿಯರು ಹೇಳಿದ್ದರಂತೆ. ದಿನಾ ಎರಡು ಹೊತ್ತು ಇಲ್ಲಿಗೇ ಬಂದು ಹುಲ್ಲು ಹಾಕಿ, ನೀರು ಕುಡಿಸಿ ಹೋಗುತ್ತಿದ್ದರು.

"ಯಾಕ್ ಪಿಳ್ಳಪ್ಪನೋರೆ, ಆಸ್ಪತ್ರೆಗೆ ಮತ್ತೆ ಕರ್ಕೊಂಡು ಬರಬಾರದಿತ್ತಾ?"

"ಸುಣ್ಣಕಟ್ಟಿಗೆ ಮದ್ದೆಲ್ಲೈತೆ ಡಾಕ್ಟ್ರಮ್ಮ? ಹುಳಾನೇ ಎತ್ತಿ ಬಿಸಾಕ್ತಾರೆ. ಇದನ್ನ ಬಿಸಾಕಕ್ಕೆ ಮನಸ್ ಬರ್ಲಿಲ್ಲ. ಏಂ ಚೇಸೇದಿ, ಏನ್ ಮಾಡ್ಲಿ?" ಎಂದರು. ನಾನು ಹೇಳಿದ್ದನ್ನು ಅವರೂ ನಂಬಿದ್ದರು. ಅಂದು ನಕ್ಕದ್ದು ಎಲ್ಲರೂ ನಕ್ಕರೆಂದು ಮಾತ್ರ.

ಲಸಿಕೆ ಕೆಲಸವನ್ನು ನಂಜುಂಡಯ್ಯನವರಿಗೆ ಒಪ್ಪಿಸಿ, ಬೆಲ್ಲಿಯನ್ನು ಆಸ್ಪತ್ರೆಯ ಹಿತ್ತಲಿಗೆ ನಡೆಸಿಕೊಂಡು ಬಂದೆ. ಜುಲೈನಲ್ಲಿ ಮಾಡಬೇಕಿದ್ದ ಪರೀಕ್ಷೆಯನ್ನು ಅವತ್ತು ಮಾಡಿದೆ. ಕೆರೆದ ಪುಡಿಯನ್ನು ಗಾಜಿನ ಸ್ಲೈಡಿಗೆ ಹಾಕಿ ನೋಡಿದರೆ ಎಂಟು ಕಾಲಿನ ಕಜ್ಜಿ ನುಸಿಗಳು ಹರಿದಾಡುತ್ತಿದ್ದವು. ಇದಕ್ಕೆ ನಾವು ಮೇಂಜ್ ಎನ್ನುತ್ತೇವೆ. ಸುಣ್ಣಕಟ್ಟು ಇರಲಿ, ಅದು ಫಂಗಸ್ಸೇ ಅಲ್ಲ. ಐವರ್ಮೆಕ್ಟಿನ್ ಎಂಬ ಔಷಧ ಸಾಕಾಗಿತ್ತು, ಅದು ನನ್ನ ಬೀರುವಿನಲ್ಲಿ ಜುಲೈ ತಿಂಗಳಲ್ಲೂ ಇತ್ತು.

ಎದೆಸುತ್ತು ಅಳೆದು ಅಂದಾಜು ಮಾಡಿದಾಗ ಬೆಲ್ಲಿಯ ತೂಕ ನೂರಾನಲವತ್ತು ಕಿಲೋ. ಆ ತೂಕಕ್ಕೆ ತಕ್ಕಷ್ಟು ಔಷಧವನ್ನು ಹದಿನಾಲ್ಕು ದಿನಗಳ ಅಂತರದಲ್ಲಿ ಮೂರು ಸಲ ಕೊಟ್ಟೆ. ಮೊದಲ ವಾರ ದಿನಾ ಉಗುರುಬೆಚ್ಚಗಿನ ನೀರು, ಸೋಪು ಹಾಕಿ ಆಯಿಲ್ ತೊಳೆದು, ಹಕ್ಕಳೆ ನೆನೆಸಿ ತೆಗೆದೆವು. ನುಸಿ ಕೊರಳಪಟ್ಟಿಯಲ್ಲೂ ಉಳಿಯುತ್ತದೆ, ಹಾಗಾಗಿ ಹಳೆಯದನ್ನು ಸುಟ್ಟೆವು. ಬೇಯಿಸಿದ ಹುರುಳಿ, ಬೂಸಾ, ಹಸಿ ಹುಲ್ಲು. ಪಿಳ್ಳಪ್ಪ ಬೆಳಿಗ್ಗೆ ಬಂದು ಸಂಜೆಯವರೆಗೂ ಅಲ್ಲೇ ಕೂತಿರುತ್ತಿದ್ದರು. ಮೂರನೇ ವಾರ ನನ್ನ ಮುಂಗೈಯಲ್ಲೂ ತುರಿಕೆ ಶುರುವಾಯಿತು. ನಂಜುಂಡಯ್ಯ ನಕ್ಕರು. ನಾನು ಕೆರೆದುಕೊಳ್ಳುತ್ತಾ, ಇದು ನನಗೆ ಆಗಬೇಕಾದದ್ದೇ ಎಂದುಕೊಂಡೆ. ಒಂಬತ್ತನೇ ವಾರದ ಹೊತ್ತಿಗೆ ಬೆಲ್ಲಿಯ ಬೆನ್ನಿನ ಮೇಲೆ ಮಖಮಲ್ಲಿನಂಥ ಹೊಸ ಕೂದಲು ಬಂದಿತ್ತು, ಅದೇ ಬೆಲ್ಲದ ಬಣ್ಣ.

ಚರ್ಮ ವಾಸಿಯಾಯಿತು, ಇನ್ನು ಮಾತು ಉಳಿದಿತ್ತು. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಊರೆಲ್ಲ ಸೇರುತ್ತದೆ. ಬೆಲ್ಲಿಯನ್ನು ಅಲ್ಲಿಗೆ ಹಿಡಿದುಕೊಂಡು ಹೋದೆ. ಅದರ ಕತ್ತಿಗೆ ನನ್ನ ಕೆನ್ನೆ ಒತ್ತಿ ತೋರಿಸಿದೆ. "ಇದಕ್ಕೆ ಸುಣ್ಣಕಟ್ಟು ಬಂದೇ ಇರ್ಲಿಲ್ಲ. ಹುಳದ ರೋಗ ಕುದುರೆಗೆ ಬರಲ್ಲ. ಅವತ್ತು ನಾನು ಮುಟ್ಟಿ ನೋಡದೇನೇ, ನಗಿಸೋಕೆ ಅಂತ ಅಂದ್ಬಿಟ್ಟೆ. ತಪ್ಪು ನಂದು, ಪಿಳ್ಳಪ್ಪನೋರದಲ್ಲ," ಎಂದೆ.

ಲಕ್ಷ್ಮೀದೇವಮ್ಮ ಹಾಲಿನ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದರು. ಕೋಪವಿರಲಿಲ್ಲ ಅವರ ದನಿಯಲ್ಲಿ.

"ಅವತ್ತು ಹೇಳ್ದಾಗ್ಲೂ ನೀವು ಡಾಕ್ಟ್ರೇ, ಇವತ್ತೂ ಡಾಕ್ಟ್ರೇ. ಯಾವ ಮಾತು ನಂಬಣ, ನೀವೇ ಹೇಳಮ್ಮ," ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಪ್ಪ ಮನೆಯಲ್ಲಿ ಹೇಳುತ್ತಲೇ ಇದ್ದರು. ರೇಷ್ಮೆ ಇಲಾಖೆಯವರನ್ನು ಕರೆಸಿ ಹೇಳಿಸಿದೆ, ಮನೆ ಮನೆಗೂ ಹೋದೆ. ಎಲ್ಲರೂ ಕಾಫಿ ಕೊಟ್ಟರು, ತಲೆಯಾಡಿಸಿದರು. ಬೆಲ್ಲಿಯ ಗಾಡಿಗೆ ಮಾತ್ರ ಒಬ್ಬರೂ ಸೊಪ್ಪು ಹಾಕಲಿಲ್ಲ. ನಾಲ್ಕು ಜ್ವರ ದಾಟಿಸಿದ ಹುಳುವನ್ನು ಪಣಕ್ಕಿಡಲು ಯಾರಿಗೆ ಧೈರ್ಯ ಬರುತ್ತದೆ? ಡಿಸೆಂಬರಿನಲ್ಲಿ ಪಿಳ್ಳಪ್ಪ ಮನೆಗೆ ಬೀಗ ಹಾಕಿ, ಬೆಲ್ಲಿಯನ್ನು ಹೊಡೆದುಕೊಂಡು ಗೌರಿಬಿದನೂರು ಕಡೆ ಮಗಳ ಊರಿಗೆ ಹೊರಟುಹೋದರು. ಹುಟ್ಟಿದ ಊರನ್ನು ಅವರು ನನ್ನ ಒಂದು ತಮಾಷೆಗೆ ಬಿಟ್ಟರು.

ಆಮೇಲೆ ನಾನು ಇನ್ನೂ ಆರು ವರ್ಷ ಕೆಲಸ ಮಾಡಿದೆ. ಕೈ ಇಟ್ಟು ನೋಡದೆ ಯಾವ ಪ್ರಾಣಿಯ ಕಾಯಿಲೆಗೂ ಹೆಸರು ಹೇಳಲಿಲ್ಲ. ಗೊತ್ತಾಗದಿದ್ದರೆ 'ಗೊತ್ತಾಗ್ತಿಲ್ಲ' ಎಂದೆ. ಡಾಕ್ಟರ್ ಬಾಯಲ್ಲಿ ಬಂದ ಹೆಸರು ಕಾಯಿಲೆಗಿಂತ ಬೇಗ ಹರಡುತ್ತದೆ, ಅದನ್ನು ವಾಸಿ ಮಾಡುವ ಔಷಧ ನಮ್ಮ ಬೀರುವಿನಲ್ಲಿರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ನಿವೃತ್ತಿಗೆ ಮುಂಚೆ ಒಮ್ಮೆ ಗೌರಿಬಿದನೂರಿನ ರಸ್ತೆ ಬದಿಯಲ್ಲಿ ಅವರಿಬ್ಬರನ್ನೂ ಕಂಡೆ. ಪಿಳ್ಳಪ್ಪನವರ ಕಣ್ಣಿಗೆ ಪೊರೆ ಬಂದಿತ್ತು, ನನ್ನ ಗುರುತು ಸಿಗಲಿಲ್ಲ. ಗಾಡಿ ತುಂಬ ಹಸಿ ಹುಲ್ಲು. ಬೆಲ್ಲಿ ಮೈಕೈ ತುಂಬಿಕೊಂಡು ಹೊಳೆಯುತ್ತಿತ್ತು. ನಾನು ಮಾತಾಡಿಸಲು ಹತ್ತಿರ ಹೋದೆ. ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಯಾರು ಎಂದೂ ಕೇಳದೆ, ಅವರು ಅವಸರದಿಂದ ಎದ್ದು ನಿಂತು ಬೆಲ್ಲಿಯ ಕತ್ತಿನ ಮೇಲೆ ಕೈ ಇಟ್ಟರು.

"ಮುಟ್ಟಿ ನೋಡಿ ಸ್ವಾಮಿ, ಏನೂ ಇಲ್ಲ ಇದಕ್ಕೆ. ಏನೂ ಅಂಟಲ್ಲ," ಎಂದರು.