ಮರಗಟ್ಟಿಸುವ ಮುಲಾಮು

ಬೆಳ್ತಂಗಡಿ ಪೇಟೆಯ ಆ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ದಮಯಂತಿ ಸಿಸ್ಟರಿಗೆ ಡಾಕ್ಟರಿಗಿಂತ ಒಂದು ತೂಕ ಹೆಚ್ಚೇ ಗೌರವ. ಲಾಯಿಲದಿಂದ ನಡೆದೇ ಬರುವ, ಐವತ್ತರ ಹತ್ತಿರದ ಹೆಂಗಸು. ಅವಳು ಚುಚ್ಚಿದರೆ ಮಕ್ಕಳು ಅಳುವುದಿಲ್ಲ ಎಂಬ ಸುದ್ದಿ ನಾರಾವಿಯವರೆಗೂ ಹೋಗಿತ್ತು. ಹೋಗಲಿ, ಊರವರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಆ ಹೊಗಳಿಕೆಯನ್ನು ಅವಳೂ ನಂಬತೊಡಗಿದ್ದಳು. ಎಡವಟ್ಟಾದದ್ದು ಅಲ್ಲಿ.

ಎಂಟು ವರ್ಷದವಳಿದ್ದಾಗ ಅವಳಿಗೆ ನಾಯಿ ಕಚ್ಚಿತ್ತು. ಅಪ್ಪ ಶೀನಪ್ಪ, "ಮೂಡಬಿದ್ರೆಗೆ ಹೋಗುವ, ಸಾವಿರ ಕಂಬದ ಬಸದಿ ನೋಡುವ" ಎಂದು ಹೊಸ ಲಂಗ ತೊಡಿಸಿ ಹೊರಡಿಸಿದ. ಬಸ್ಸಿಳಿದವರು ನೇರ ಹೋದದ್ದು ಆಸ್ಪತ್ರೆಗೆ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಬಸದಿಯನ್ನು ಅವಳು ನೋಡಿದ್ದು ಮದುವೆಯಾದ ಮೇಲೆ.

ನರ್ಸ್ ಆದವಳು ತನ್ನದೇ ಕಾನೂನು ಮಾಡಿಕೊಂಡಳು. ಮಕ್ಕಳಿಗೆ ಸುಳ್ಳು ಹೇಳಬಾರದು. ಮಲಗಿಸಿ ಅದುಮಿ ಹಿಡಿಯಬಾರದು, ತಾಯಿಯ ಮಡಿಲಲ್ಲೇ ಕೂರಿಸಬೇಕು. ಹಾಲುಣ್ಣುವ ಮಗುವಾದರೆ ಎದೆಗೆ ಹಚ್ಚಿಕೊಂಡಿರುವಾಗಲೇ ಚುಚ್ಚಬೇಕು, ನಾಲಿಗೆಗೆ ಎರಡು ತೊಟ್ಟು ಸಕ್ಕರೆ ನೀರು ಬಿಡಬೇಕು. ಚರ್ಮ ಮರಗಟ್ಟಿಸುವ ಮುಲಾಮು ಬಂದ ಮೇಲಂತೂ ಅವಳಿಗೆ ಆನೆಬಲ. ಒಂದು ಗಂಟೆ ಮೊದಲು ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿದರೆ ಸೂಜಿ ಹೋದದ್ದೇ ಮಗುವಿಗೆ ತಿಳಿಯುವುದಿಲ್ಲ.

ನಾರಾವಿಯ ದೀಪಶ್ರೀಯ ಮಗಳು ವಿಸ್ಮಿತಾಗೆ ಆಗ ನಾಲ್ಕು ತಿಂಗಳು. ಹುಟ್ಟುವಾಗಲೇ ಥೈರಾಯ್ಡ್ ಕಡಿಮೆ, ಆಗಾಗ ರಕ್ತ ತೆಗೆದು ನೋಡಲೇಬೇಕು. ಮಗುವಿನ ನರ ಸಿಗುವುದೇ ಕಷ್ಟ. ಒಮ್ಮೆ ಎಡಗೈ, ಒಮ್ಮೆ ಬಲಗೈ, ಒಮ್ಮೆ ಪಾದ. ಆಸ್ಪತ್ರೆಯಲ್ಲಿ ಒಂದು ಗಂಟೆ ಕಾಯಲು ಜಾಗವಿಲ್ಲ. ಆ ದಿನ ಹೊರಗೆ ಜನ ಕಿಕ್ಕಿರಿದಿದ್ದರು. ದಮಯಂತಿ ಒಂದು ಟ್ಯೂಬನ್ನು ದೀಪಶ್ರೀಯ ಕೈಗಿಟ್ಟು, "ಮುಂದಿನ ಸಲ ಮನೆಯಿಂದಲೇ ಹಚ್ಚಿಕೊಂಡು ಬನ್ನಿ ಮಾರಾಯ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ" ಎಂದಳು. ಎಷ್ಟು ಹಚ್ಚಬೇಕು, ಎಷ್ಟು ಕಡೆ ಹಚ್ಚಬೇಕು ಎಂದು ಹೇಳಲಿಲ್ಲ. ಅಷ್ಟರಲ್ಲಿ ಯಾರೋ ಕರೆದರು.

ಮೂರು ವಾರ ಬಿಟ್ಟು ಅವರು ಬಂದಾಗ ಹನ್ನೊಂದು ಗಂಟೆ. ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತ್ತಂತೆ. ಜೊತೆಗೆ ಬಂದ ಅತ್ತೆ ಕಾಂತಿ ಬಾಗಿಲಿನಿಂದಲೇ, "ನೋಡಿ ಸಿಸ್ಟರ್, ಬೆಳಗಿನಿಂದ ಒಂದು ಚೂರು ಹಟ ಇಲ್ಲ. ನಿಮ್ಮಲ್ಲಿಗೆ ಬರುವುದೆಂದರೆ ಮಗುವಿಗೂ ಗೊತ್ತಾಗ್ತದೆ" ಎಂದು ನಕ್ಕಳು. ದಮಯಂತಿಯೂ ನಕ್ಕು ಹತ್ತಿರ ಹೋದಳು. ಮಗು ಕಣ್ಣು ಬಿಟ್ಟೇ ಇತ್ತು. ಆದರೆ ತುಟಿಗೆ ಬೂದಿ ಬಣ್ಣ ಬಂದಿತ್ತು.

ಶಾಲು ಸರಿಸಿ ನೋಡಿದಳು. ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಪ್ಲಾಸ್ಟಿಕ್ ಸುತ್ತಿತ್ತು. ಒಳಗೆ ಬಿಳಿ ಮುಲಾಮು ದಪ್ಪಗೆ ಮೆತ್ತಿತ್ತು.

"ಯಾವಾಗ ಹಚ್ಚಿದ್ದು?"

"ಏಳಕ್ಕೆ" ಎಂದಳು ದೀಪಶ್ರೀ. "ನೀವು ಎಲ್ಲಿಗೆ ಚುಚ್ಚುತ್ತೀರೋ ಗೊತ್ತಿಲ್ಲವಲ್ಲ, ಅದಕ್ಕೆ ಎಲ್ಲ ಕಡೆ ಹಚ್ಚಿದೆ. ಜಾಸ್ತಿ ಆಯಿತಾ ಸಿಸ್ಟರ್?"

ದಮಯಂತಿ ಪ್ಲಾಸ್ಟಿಕ್ ಕಿತ್ತು ಒರೆಸತೊಡಗಿದಳು. ಅವಳ ಕೂಗಿಗೆ ಡಾಕ್ಟರ್ ಓಡಿಬಂದರು. ಆಮ್ಲಜನಕ ಕೊಟ್ಟರೂ ಬೆರಳಿಗೆ ಹಾಕಿದ ಯಂತ್ರದ ಲೆಕ್ಕ, ನೂರರ ಹತ್ತಿರ ಇರಬೇಕಾದದ್ದು, ಎಂಬತ್ತೈದರಿಂದ ಮೇಲೇಳಲಿಲ್ಲ. ಸೂಜಿ ಹಾಕಬೇಕಾದವಳು ಅವಳೇ. ಅಂಗೈಯ ಹಿಂದೆ ನರ ಹುಡುಕಿ ಚುಚ್ಚಿದಳು. ಮಗು ಕದಲಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಇಷ್ಟು ವರ್ಷ ಅವಳು ಬಯಸಿದ್ದು ಇದನ್ನೇ. ಸಿರಿಂಜಿಗೆ ಬಂದ ರಕ್ತ ಕೆಂಪಗಿರಲಿಲ್ಲ, ಕಾಫಿ ಡಿಕಾಕ್ಷನ್ನಿನ ಹಾಗಿತ್ತು.

"ಮುಲಾಮು ರಕ್ತಕ್ಕೆ ಇಳಿದಿದೆ. ಇದಕ್ಕೆ ಮದ್ದು ಮಂಗಳೂರಲ್ಲಿ ಮಾತ್ರ ಉಂಟು, ಬೇಗ ಹೊರಡಿ" ಎಂದರು ಡಾಕ್ಟರ್.

ದಮಯಂತಿಯೂ ಜೊತೆಗೆ ಹತ್ತಿದಳು. ಆಂಬುಲೆನ್ಸ್ ಗುರುವಾಯನಕೆರೆ ದಾಟಿತು, ಪುಂಜಾಲಕಟ್ಟೆ ದಾಟಿತು. ಕಾಂತಿಯ ಬಾಯಿ ಮಾತ್ರ ನಿಲ್ಲಲಿಲ್ಲ. "ಓದಿದವಳೆಂದು ಅತಿ ಬುದ್ಧಿ. ನೀನೇ ಕೈಯಾರೆ ಮಗುವಿಗೆ ವಿಷ ಮೆತ್ತಿದ್ದು." ದೀಪಶ್ರೀ ತಲೆ ಎತ್ತಲಿಲ್ಲ. ಹಚ್ಚಿದ್ದು ತಾನೇ ಎಂದು ಅವಳೂ ಒಪ್ಪಿಬಿಟ್ಟಿದ್ದಳು. ದಮಯಂತಿಯನ್ನು ಯಾರೂ ಏನೂ ಕೇಳಲಿಲ್ಲ. ಸುಮ್ಮನಿದ್ದರೆ ಅವಳ ಹೆಸರು ಹಾಗೆಯೇ ಉಳಿಯುತ್ತಿತ್ತು. ಬಂಟ್ವಾಳದವರೆಗೆ ಅವಳು ಸುಮ್ಮನೆಯೇ ಇದ್ದಳು. ನಾಚಿಕೆಯ ಮಾತು, ಆದರೆ ಇದ್ದದ್ದು ಹೌದು.

ಬಿ.ಸಿ. ರೋಡಿನಲ್ಲಿ ಗಾಡಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತು. ಮಗುವಿನ ಉಗುರೂ ನೀಲಿಯಾಗುತ್ತಿತ್ತು. ದಮಯಂತಿಗೆ ತಡೆಯಲಾಗಲಿಲ್ಲ. "ಅಮ್ಮಾ, ಇವಳನ್ನು ಬೈಯಬೇಡಿ. ಒಂದೇ ಕಡೆ, ಬಟಾಣಿ ಕಾಳಿನಷ್ಟು ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು."

ಕಾಂತಿ ಬಾಯಿ ಮುಚ್ಚಿದಳು. ದೀಪಶ್ರೀ ದಮಯಂತಿಯನ್ನೇ ಒಂದು ಗಳಿಗೆ ನೋಡಿ ಮಗುವಿನ ಕಡೆ ತಿರುಗಿದಳು.

ಮಂಗಳೂರಿನಲ್ಲಿ ನರಕ್ಕೆ ನೀಲಿ ಬಣ್ಣದ ಮದ್ದು ಹೋದ ಮುಕ್ಕಾಲು ಗಂಟೆಗೆ ಮಗುವಿನ ತುಟಿ ಕೆಂಪಾಯಿತು. ದಮಯಂತಿ ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತಳು. ಬಚಾವಾದೆವು ಎಂದುಕೊಂಡಳು.

ಮುಂದಿನ ತಿಂಗಳು ದೀಪಶ್ರೀ ಒಬ್ಬಳೇ ಮಗುವನ್ನೆತ್ತಿಕೊಂಡು ಬಂದಳು. ದಮಯಂತಿ ಎದ್ದು ಹೋಗಿ ಮೆಲ್ಲಗೆ, "ನಾನೇ ಒಂದು ಕಡೆಗೆ ಮಾತ್ರ, ಚೂರೇ ಚೂರು ಹಚ್ಚಿ ಕೊಡ್ತೇನೆ. ನನ್ನ ಎದುರೇ ಕೂತುಕೊಳ್ಳಿ" ಎಂದಳು.

"ಬೇಡ."

"ಹಾಲು ಕುಡಿಸ್ತಾ ಇರಿ ಹಾಗಾದರೆ. ಸಕ್ಕರೆ ನೀರಾದರೂ—"

"ಏನೂ ಬೇಡ ಸಿಸ್ಟರ್." ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಅಳಬೇಕು. ಅತ್ತರೆ ಜೀವ ಉಂಟೆಂದು ನನಗೆ ಗೊತ್ತಾಗ್ತದೆ. ಮಲಗಿಸಿ ಹಿಡಿಯುವ."

ಮಗುವನ್ನು ಮೇಜಿನ ಮೇಲೆ ಮಲಗಿಸಿದರು. ಲ್ಯಾಬಿನ ಫಾಹಿಮಾ ಸೂಜಿ ತೆಗೆದಳು, ದೀಪಶ್ರೀ ಕೈ ಹಿಡಿದಳು. ಕಾಲು ಹಿಡಿಯಲು ಒಬ್ಬರು ಬೇಕಿತ್ತು. ದಮಯಂತಿ ಹೋಗಿ ಹಿಡಿದಳು.